ನಿಮ್ಮ ಊರಿನ ವಾಯುಗುಣ ಯಾವ ಗುಂಪಿನದು? ಪೆನ್ಸಿಲ್ ಹಿಡಿದು ನೀವೇ ಕಂಡುಕೊಳ್ಳಿ

ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಲಂಡನ್ನಿನಲ್ಲಿ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಒಂದು ಕಡೆ ನೀರಿಗಾಗಿ ಮುಗಿಲು ನೋಡುವ ಬಯಲುಸೀಮೆ, ಇನ್ನೊಂದು ಕಡೆ ಹಸಿರು ಹುಲ್ಲು. ಮಳೆ ಒಂದೇ ಆದರೂ ನೆಲ ಯಾಕೆ ಬೇರೆ? ಇದಕ್ಕೆ ಉತ್ತರ ಹೇಳುವ ಒಂದು ಲೆಕ್ಕವಿದೆ. ಹೈಸ್ಕೂಲು ಮಕ್ಕಳೂ ಮಾಡಬಹುದಾದಷ್ಟು ಸುಲಭ.

ಈ ಲೆಕ್ಕ ಕೊಟ್ಟವರು ವ್ಲಾಡಿಮಿರ್ ಕೊಪ್ಪೆನ್. 1846ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಓದುವ ದಿನಗಳಲ್ಲಿ ಪೀಟರ್ಸ್‌ಬರ್ಗ್‌ಗೂ ದಕ್ಷಿಣದ ಕ್ರಿಮಿಯಾದಲ್ಲಿದ್ದ ಮನೆಗೂ ಓಡಾಡುತ್ತಿದ್ದರು. ದಾರಿಯುದ್ದಕ್ಕೂ ಗಿಡಮರಗಳು ಬದಲಾಗುವುದು ಅವರ ಕಣ್ಣಿಗೆ ಬಿತ್ತು. ನಾವೂ ಇದನ್ನು ನೋಡಿದ್ದೇವೆ, ಅಲ್ವಾ? ಚಿತ್ರದುರ್ಗದಿಂದ ಶಿವಮೊಗ್ಗ ದಾಟಿ ಆಗುಂಬೆಗೆ ಬಸ್ಸಿನಲ್ಲಿ ಹೋದರೆ ಕಿಟಕಿಯಾಚೆ ಶೇಂಗಾ, ಮೆಕ್ಕೆಜೋಳ ಹೋಗಿ ಭತ್ತ ಬರುತ್ತದೆ. ಆಮೇಲೆ ಅಡಿಕೆ ತೋಟ, ಕೊನೆಗೆ ದಟ್ಟ ಕಾಡು. ಒಂದು ಜಾಗದ ಬಿಸಿಲು, ಮಳೆ ಎರಡನ್ನೂ ಗಿಡಗಳು ಅಳೆದು ತೋರಿಸುತ್ತವೆ ಎಂಬುದೇ ಕೊಪ್ಪೆನ್ ಹಿಡಿದ ಎಳೆ. 1900ರಲ್ಲಿ ಅವರು ತಮ್ಮ ವರ್ಗೀಕರಣ ಪ್ರಕಟಿಸಿದರು. 1936ರವರೆಗೂ ತಿದ್ದುತ್ತಲೇ ಇದ್ದರು. ಮುಂದೆ ರುಡಾಲ್ಫ್ ಗೈಗರ್ ಅದನ್ನು ಇನ್ನಷ್ಟು ಪರಿಷ್ಕರಿಸಿದರು.

ಗುಂಪುಗಳು ಐದು. ಎ ಅಂದರೆ ಉಷ್ಣವಲಯ, ಬಿ ಒಣ, ಸಿ ಹಿತವಾದ ಚಳಿಯದ್ದು, ಡಿ ಕೊರೆಯುವ ಚಳಿಗಾಲದ್ದು, ಇ ಧ್ರುವದ್ದು.

ಮೊದಲ ಹೆಜ್ಜೆ: 24 ಅಂಕಿ ಬರೆದುಕೊಳ್ಳಿ

ಹನ್ನೆರಡು ತಿಂಗಳ ಸರಾಸರಿ ಉಷ್ಣಾಂಶ, ಹನ್ನೆರಡು ತಿಂಗಳ ಸರಾಸರಿ ಮಳೆ. ಇಷ್ಟು ಸಾಕು. ಒಂದು ವರ್ಷದ್ದು ಮಾತ್ರ ತೆಗೆದುಕೊಳ್ಳಬೇಡಿ. ಇವತ್ತು ಮಳೆ, ನಾಳೆ ಬಿಸಿಲು ಅನ್ನುವುದು ಹವಾಮಾನ. ಹತ್ತಾರು ವರ್ಷಗಳ ಸರಾಸರಿ ವಾಯುಗುಣ. ಅದಕ್ಕೇ 30 ವರ್ಷದ ಸರಾಸರಿ ಬೇಕು. ಭಾರತ ಹವಾಮಾನ ಇಲಾಖೆ ಮುಖ್ಯ ಊರುಗಳಿಗೆ ಇದನ್ನು ಪ್ರಕಟಿಸುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಬೇಕಿರುವುದು ಹಗಲಿನ ಗರಿಷ್ಠ ಉಷ್ಣಾಂಶವಲ್ಲ. ಗರಿಷ್ಠ 27, ಕನಿಷ್ಠ 16 ಇದ್ದರೆ ಎರಡನ್ನೂ ಕೂಡಿಸಿ ಅರ್ಧ ಮಾಡಿ. 21.5 ಬಂತು. ಆ ಅಂಕಿ ಬರೆದುಕೊಳ್ಳಿ.

ಎರಡನೇ ಹೆಜ್ಜೆ: ಅತಿ ಬಿಸಿಯ ತಿಂಗಳು ನೋಡಿ

ಅದರ ಸರಾಸರಿ 10 ಡಿಗ್ರಿಗಿಂತ ಕಡಿಮೆ ಇದ್ದರೆ ಊರು ಇ ಗುಂಪಿನದು. ಅಲ್ಲಿಗೆ ಲೆಕ್ಕ ಮುಗಿಯಿತು. ಅಂಟಾರ್ಕ್ಟಿಕಾದಲ್ಲಿರುವ ನಮ್ಮ ಮೈತ್ರಿ, ಭಾರತಿ ಕೇಂದ್ರಗಳು ಇದಕ್ಕೆ ಸೇರುತ್ತವೆ. 10 ಡಿಗ್ರಿಯೇ ಯಾಕೆ? ಬೇಸಿಗೆಯಲ್ಲೂ ಅಷ್ಟು ಬಿಸಿ ಸಿಗದ ಕಡೆ ಮರ ಬೆಳೆಯುವುದಿಲ್ಲ. ಗಡಿ ಹಾಕಿದ್ದು ಮರಗಳೇ.

ಮೂರನೇ ಹೆಜ್ಜೆ: ಒಣ ಊರೇ?

ನನ್ನ ಮಟ್ಟಿಗೆ ಇಡೀ ಪದ್ಧತಿಯ ಜೀವಾಳ ಇಲ್ಲಿದೆ. ಮಳೆ ಎಷ್ಟು ಬಂತು ಅನ್ನುವುದು ಅರ್ಧ ಮಾತು. ಬಂದದ್ದರಲ್ಲಿ ಎಷ್ಟು ಆವಿಯಾಗಿ ಹೋಯಿತು ಅನ್ನುವುದು ಉಳಿದರ್ಧ. ಹಾಗಾಗಿ ಪ್ರತಿ ಊರಿಗೂ ಅದರ ಬಿಸಿಗೆ ತಕ್ಕಂತೆ ಬೇರೆ ಮಿತಿ.

ವರ್ಷದ ಸರಾಸರಿ ಉಷ್ಣಾಂಶವನ್ನು 20ರಿಂದ ಗುಣಿಸಿ. ವರ್ಷದ ಮಳೆಯಲ್ಲಿ 70 ಪರ್ಸೆಂಟೋ ಅದಕ್ಕಿಂತ ಜಾಸ್ತಿಯೋ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದರೆ 280 ಕೂಡಿಸಿ. ಅಷ್ಟೇ ಪಾಲು ಚಳಿಗಾಲದ ಆರು ತಿಂಗಳಲ್ಲಿ ಬಿದ್ದರೆ ಏನೂ ಕೂಡಿಸಬೇಡಿ. ಎರಡೂ ಅಲ್ಲದಿದ್ದರೆ 140 ಕೂಡಿಸಿ. ಬಿಸಿಲಲ್ಲಿ ಬಿದ್ದ ಮಳೆ ಬೇಗ ಆರುತ್ತದೆ, ಚಳಿಯಲ್ಲಿ ಬಿದ್ದದ್ದು ಮಣ್ಣಲ್ಲಿ ಉಳಿಯುತ್ತದೆ. ಅದಕ್ಕೇ ಈ ವ್ಯತ್ಯಾಸ. ಭೂಮಧ್ಯರೇಖೆಯ ದಕ್ಷಿಣದಲ್ಲಿರುವ ಮೆಲ್ಬರ್ನ್‌ನಂಥ ಊರಾದರೆ ಆರು ತಿಂಗಳನ್ನು ಅದಲುಬದಲು ಮಾಡಿಕೊಳ್ಳಿ.

ಈಗ ಬಂದ ಉತ್ತರವೇ ಆ ಊರಿನ ಮಿತಿ. ಮಳೆ ಅದಕ್ಕಿಂತ ಕಡಿಮೆ ಇದ್ದರೆ ಊರು ಬಿ ಗುಂಪು. ಮಿತಿಯ ಅರ್ಧವೂ ಇಲ್ಲದಿದ್ದರೆ ಮರುಭೂಮಿ. ಅರ್ಧಕ್ಕಿಂತ ಮೇಲಿದ್ದರೆ ಅರೆ ಒಣ.

ವಿಜಯಪುರದ ಸರಾಸರಿ ಸುಮಾರು 27 ಡಿಗ್ರಿ. 20ರಿಂದ ಗುಣಿಸಿದರೆ 540. ಬರೀ 140 ಕೂಡಿಸಿದರೂ ಮಿತಿ 680 ಆಗುತ್ತದೆ. ಬೀಳುವುದು 600. ಊರು ಅರೆ ಒಣ. ಲಂಡನ್ನಿನ ಸರಾಸರಿ 11 ಡಿಗ್ರಿಯ ಹತ್ತಿರ. ಮಳೆ ವರ್ಷವಿಡೀ ಹಂಚಿ ಬೀಳುತ್ತದೆ. 220ಕ್ಕೆ 140 ಸೇರಿಸಿದರೆ 360. ಬೀಳುವುದು 600. ಒಣಗುವ ಮಾತೇ ಇಲ್ಲ. ವಿಜಯಪುರದ ರೈತ ಬಿಳಿಜೋಳ ಬಿತ್ತುವುದರ ಹಿಂದೆ ಇದೇ ಲೆಕ್ಕವಿದೆ. ಅವನಿಗೆ ಅದು ಸೂತ್ರವಿಲ್ಲದೆಯೇ ಗೊತ್ತು.

ಒಣ ಊರುಗಳಲ್ಲೂ ಬಿಸಿ, ತಂಪು ಎಂದು ಎರಡು ಬಗೆ. ವರ್ಷದ ಸರಾಸರಿ 18 ಡಿಗ್ರಿ ಮುಟ್ಟಿದರೆ ಬಿಸಿ, ಇಲ್ಲದಿದ್ದರೆ ತಂಪು. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಡಿಯುವ ದುಬೈ ಬಿಸಿ ಮರುಭೂಮಿ. ಲಡಾಖಿನ ಲೇಹ್ ತಂಪು ಮರುಭೂಮಿ.

ನಾಲ್ಕನೇ ಹೆಜ್ಜೆ: ಅತಿ ಚಳಿಯ ತಿಂಗಳು ನೋಡಿ

ಇ, ಬಿ ಎರಡೂ ಅಲ್ಲ ಅಂದಮೇಲೆ ಅತಿ ತಣ್ಣನೆಯ ತಿಂಗಳಿನ ಸರಾಸರಿ ನೋಡಿ. 18 ಡಿಗ್ರಿ ಅಥವಾ ಮೇಲಿದ್ದರೆ ಎ. ಅದರ ಕೆಳಗೆ, ಮೈನಸ್ 3ರವರೆಗೆ ಸಿ. ಇನ್ನೂ ಕೆಳಗಿಳಿದರೆ ಡಿ. ಕೆಲವರು ಮೈನಸ್ 3ರ ಬದಲು ಸೊನ್ನೆಯನ್ನೇ ಗಡಿ ಮಾಡಿಕೊಳ್ಳುತ್ತಾರೆ. ಮಾಸ್ಕೋ ಡಿ, ಊಟಿ ಸಿ. ಬೆಂಗಳೂರು? ಡಿಸೆಂಬರ್‌ನಲ್ಲೂ ಸರಾಸರಿ 21ರ ಆಸುಪಾಸು ಇರುತ್ತದೆ. ಸ್ವೆಟರ್ ಹಾಕಿಕೊಂಡರೂ ನಮ್ಮ ರಾಜಧಾನಿ ಮಂಗಳೂರಿನ ಹಾಗೇ ಎ ಗುಂಪಿನದು.

ಐದನೇ ಹೆಜ್ಜೆ: ಮಳೆ ಯಾವಾಗ?

ಎ ಗುಂಪಿನಲ್ಲಿ ಅತಿ ಕಡಿಮೆ ಮಳೆಯ ತಿಂಗಳಲ್ಲೂ 60 ಮಿಲಿಮೀಟರ್ ಬಿದ್ದರೆ ಎರಡನೇ ಅಕ್ಷರ ಎಫ್, ಅಂದರೆ ವರ್ಷವಿಡೀ ಮಳೆ. ಬೀಳದಿದ್ದರೆ ವರ್ಷದ ಮಳೆಯನ್ನು 25ರಿಂದ ಭಾಗಿಸಿ, ಬಂದದ್ದನ್ನು 100ರಿಂದ ಕಳೆಯಿರಿ. ಆ ತಿಂಗಳ ಮಳೆ ಈ ಉತ್ತರದಷ್ಟೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಎಂ, ಅಂದರೆ ಮಾನ್ಸೂನ್. ಕಡಿಮೆ ಇದ್ದರೆ ಡಬ್ಲ್ಯೂ, ಅಂದರೆ ಚಳಿಗಾಲ ಒಣಗುವ ಸವನ್ನಾ.

ಬೆಂಗಳೂರಿಗೆ ವರ್ಷಕ್ಕೆ 970 ಮಿ.ಮೀ. ಆಸುಪಾಸು ಮಳೆ. ಭಾಗಿಸಿ ಕಳೆದರೆ ಸುಮಾರು 61. ಜನವರಿಯಲ್ಲಿ ಬೀಳುವುದು ನಾಲ್ಕು ಹನಿ. ಹಾಗಾಗಿ ಎ ಡಬ್ಲ್ಯೂ. ಮಂಗಳೂರಿಗೆ 3,500 ಮಿ.ಮೀ.ಗೂ ಜಾಸ್ತಿ. ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಜನವರಿ ಪೂರ್ತಿ ಒಣಗಿದರೂ ಅದು ಎ ಎಂ. ಮಳೆಗಾಲದಲ್ಲಿ ಕುಡಿದ ನೀರು ಬೇಸಿಗೆ ದಾಟಿಸುತ್ತದೆ ಎಂದು ಇದರ ಅರ್ಥ. ಸಿಂಗಪುರಕ್ಕೆ ಬೀಳುವುದು ಆಗುಂಬೆಯ ಮೂರನೇ ಒಂದು ಪಾಲು ಮಾತ್ರ. ಆದರೂ ಎಫ್ ಸಿಕ್ಕಿದ್ದು ಸಿಂಗಪುರಕ್ಕೆ, ಆಗುಂಬೆಗಲ್ಲ. ಅಲ್ಲಿ ಮಳೆ ಬಿಡುವು ಕೊಡುವುದಿಲ್ಲ, ಇಲ್ಲಿ ಕೊಡುತ್ತದೆ.

ಸಿ, ಡಿ ಗುಂಪಿನಲ್ಲಿ ಇನ್ನೊಂದು ಅಕ್ಷರ ಬರುತ್ತದೆ: ಎಸ್, ಅಂದರೆ ಬೇಸಿಗೆ ಒಣಗುವ ಊರು. ಸ್ಯಾನ್‌ಫ್ರಾನ್ಸಿಸ್ಕೊ ಹಾಗೆ. ಅಲ್ಲಿಗೆ ಹೋದ ನಮ್ಮವರಿಗೆ ಆಷಾಢದಲ್ಲಿ ಮಳೆಯೇ ಇಲ್ಲ. ಅದು ದೀಪಾವಳಿ ಹೊತ್ತಿಗೆ ಶುರುವಾಗುತ್ತದೆ. ಈ ಎರಡು ಗುಂಪುಗಳಿಗೆ ಬೇಸಿಗೆಯ ಬಿಸಿ ಹೇಳುವ ಮೂರನೇ ಅಕ್ಷರವೂ ಇದೆ. ಅತಿ ಬಿಸಿಯ ತಿಂಗಳು 22 ಡಿಗ್ರಿ ಮುಟ್ಟಿದರೆ ಸಣ್ಣ ಎ.

ಗಡಿಯಲ್ಲಿರುವ ಊರು ಸಿಕ್ಕರೆ ಗಾಬರಿ ಬೇಡ. ದೆಹಲಿಗೆ ಮೂರನೇ ಹೆಜ್ಜೆಯ ಮಿತಿ 780ರ ಹತ್ತಿರ ಬರುತ್ತದೆ. ಅಲ್ಲಿನ ಮಳೆಯೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ಒಂದು ನಕ್ಷೆ ದೆಹಲಿಯನ್ನು ಬಿ ಎಂದರೆ ಇನ್ನೊಂದು ಸಿ ಎನ್ನುತ್ತದೆ. ನಿಮ್ಮ ಊರಿನ ಅಕ್ಷರ ಬರೆಯುವಾಗ ಪಕ್ಕದಲ್ಲಿ ಯಾವ 30 ವರ್ಷದ ಲೆಕ್ಕ ಎಂದೂ ಬರೆದಿಡಿ. ಹತ್ತು ವರ್ಷ ಬಿಟ್ಟು ಹೊಸ ಸರಾಸರಿ ಬಂದಾಗ ಅದೇ ಹಾಳೆ ತೆಗೆದು ಮತ್ತೊಮ್ಮೆ ಲೆಕ್ಕ ಹಾಕಿ.