ಹಿತ್ತಲಿಗೆ ಬಂದ ಗಿಡುಗ ಶಿಕ್ರಾನಾ, ಬೇರೇನಾ? ಗಂಟಲು, ಬಾಲ, ಕೊಕ್ಕು ನೋಡಿ

ಮೈಸೂರಲ್ಲಿ ಮನೆ ಹಿಂದೆ ಒಂದು ತೆಂಗು, ಒಂದು ನುಗ್ಗೆಮರ ಇದ್ರೆ ಸಾಕು, ಒಂದಲ್ಲ ಒಂದಿನ ಅಲ್ಲಿಗೆ ಗಿಡುಗ ಬಂದೇ ಬರತ್ತೆ. ಅದು ಬಂದಿದ್ದು ನಮಗಿಂತ ಮೊದಲು ಅಳಿಲಿಗೆ ಗೊತ್ತಾಗತ್ತೆ, ಒಂದೇ ಸಮ ಚಿಕ್ ಚಿಕ್ ಅಂತ ಬಡ್ಕೊಳ್ಳೋಕೆ ಶುರು ಮಾಡತ್ತೆ, ಹರಟೆಮಲ್ಲಗಳು ಗುಂಪಾಗಿ ಕಿರುಚ್ತವೆ, ಪಿಕಳಾರ ಬೇಲಿಯೊಳಗೆ ನುಗ್ಗತ್ತೆ. ಆ ಗಲಾಟೆ ಕೇಳಿದ್ರೆ ಹೊರಗೆ ಓಡ್ಬೇಡಿ, ಕಿಟಕಿಯಿಂದಾನೇ ನೋಡಿ, ಬಾಗಿಲ ಸದ್ದಿಗೇ ಹಾರೋಗ್ಬಿಡತ್ತೆ.

ಮೊದಲು ಸೈಜು. ಆಕಾಶದಲ್ಲಿ ಸುತ್ತೋ ದೊಡ್ಡ ಕಂದು ಹಕ್ಕಿ, ಬಾಲದ ತುದಿ ಕವಲು, ಅದು ಹದ್ದು. ತಲೆ ಎದೆ ಬಿಳಿ, ಮಿಕ್ಕಿದ್ದೆಲ್ಲ ಇಟ್ಟಿಗೆ ಕೆಂಪು ಇದ್ರೆ ಗರುಡ. ಇವೆರಡರಲ್ಲಿ ಕನ್ಫ್ಯೂಸ್ ಆಗೋಕೆ ಏನೂ ಇಲ್ಲ. ತಲೆನೋವು ಬರೋದು ಪಾರಿವಾಳದಷ್ಟೇ ಇರೋ, ಮರದೊಳಗೆ ಸುಮ್ನೆ ಕೂತಿರೋ, ಎದೆ ಮೇಲೆ ಗೆರೆ ಗೆರೆ ಇರೋ ಹಕ್ಕಿಗಳಲ್ಲಿ.

ಅಂಥದ್ದು ಕಂಡ್ರೆ ಫಸ್ಟ್ ಕೇಳ್ಕೋಬೇಕಾದ ಪ್ರಶ್ನೆ ಇದು ಗಿಡುಗಾನೇನಾ ಅಂತ. ಯಾಕಂದ್ರೆ ಹಾಕ್ ಕುಕ್ಕೂ ಅಂತ ಒಂದು ಕೋಗಿಲೆ ಜಾತಿ ಇದೆ, ಮೈಬಣ್ಣ, ಬಾಲದ ಪಟ್ಟೆ, ನಾಲ್ಕು ಸಲ ರೆಕ್ಕೆ ಬಡಿದು ತೇಲೋ ಸ್ಟೈಲು, ಎಲ್ಲಾ ಶಿಕ್ರಾ ಅನ್ನೋ ಸಣ್ಣ ಗಿಡುಗದ ಥರಾನೇ, ಸಣ್ಣ ಹಕ್ಕಿಗಳೇ ಮೋಸ ಹೋಗಿ ಅಟ್ಟಿಸ್ಕೊಂಡು ಹೋಗ್ತವೆ. ಕೊಕ್ಕು ನೋಡಿ. ಗಿಡುಗದ ಕೊಕ್ಕು ಬುಡದಿಂದಾನೇ ಕೆಳಗೆ ಬಾಗಿ ಕೊಕ್ಕೆ ಆಗಿರತ್ತೆ, ಹಾಕ್ ಕುಕ್ಕೂದು ನೇರ, ತುದಿಯಲ್ಲಷ್ಟೇ ಸ್ವಲ್ಪ ಬಾಗು. ಕಣ್ಣಿನ ಸುತ್ತ ಹಳದಿ ಉಂಗುರ. ಕೂತ ತಕ್ಷಣ ರೆಕ್ಕೆ ಜೋಲು ಬಿಟ್ಟು ಬಾಲಾನ ಆಕಡೆ ಈಕಡೆ ಆಡಿಸತ್ತೆ. ಶಿಕ್ರಾ ಕೂತ್ರೆ ನೆಟ್ಟಗೆ ಕೂರತ್ತೆ, ಹಳದಿ ಕಾಲು ಕಾಣತ್ತೆ. ಬೇಸಿಗೆಯಿಂದ ಮಳೆಗಾಲದವರೆಗೆ ಇಷ್ಟೆಲ್ಲಾ ಕಷ್ಟ ಬೇಡ, ಹಾಕ್ ಕುಕ್ಕೂ ಮೂರು ಸ್ವರದ ಕೂಗನ್ನ ಏರಿಸ್ಕೊಂಡು ಏರಿಸ್ಕೊಂಡು ಹೋಗಿ ತಟ್ಟನೆ ನಿಲ್ಲಿಸತ್ತೆ, ರಾತ್ರಿನೂ ಬಿಡಲ್ಲ, ಬ್ರೈನ್ ಫೀವರ್ ಹಕ್ಕಿ ಅನ್ನೋದು ಇದನ್ನೇ. ಚಳಿಗಾಲದಲ್ಲಿ ಬಾಯಿ ಮುಚ್ಕೊಂಡಿರತ್ತೆ, ಆಗಲೇ ಎಲ್ರೂ ಯಾಮಾರೋದು.

ಗಿಡುಗಾನೇ ಅಂತ ಗ್ಯಾರಂಟಿ ಆಯ್ತು ಅಂದ್ಕೊಳ್ಳಿ. ನಮ್ಮ ಊರೊಳಗೆ, ಸರಸ್ವತಿಪುರಂ ಆಗ್ಲಿ ಕುವೆಂಪುನಗರ ಆಗ್ಲಿ ಮಂಡ್ಯದ ಯಾವ ಬಡಾವಣೆ ಆಗ್ಲಿ, ವರ್ಷಪೂರ್ತಿ ಇರೋದು ಶಿಕ್ರಾ. ಉದ್ದ 26ರಿಂದ 30 ಸೆಂಟಿಮೀಟರ್. ಬಲಿತ ಗಂಡು ಬೆನ್ನ ಮೇಲೆ ಬೂದಿ ಬಣ್ಣ, ಎದೆ ಬಿಳಿ, ಅದರ ಮೇಲೆ ತೀರಾ ಸಣ್ಣ ಕೆಂಗಂದು ಅಡ್ಡಗೆರೆ, ಕಣ್ಣು ಕೆಂಪು. ಹೆಣ್ಣು ಸ್ವಲ್ಪ ದೊಡ್ಡದು, ಬೆನ್ನು ಕಂದು, ಕಣ್ಣು ಹಳದಿ ಇಲ್ಲಾ ಕಿತ್ತಳೆ. ಆದ್ರೆ ಕಣ್ಣಿನ ಬಣ್ಣ ನೋಡಿ ಡಿಸೈಡ್ ಮಾಡ್ಬೇಡಿ ದಯವಿಟ್ಟು, ಶಿಕ್ರಾ ಥರಾನೇ ಕಾಣೋ ಬೆಸ್ರಾ ಅನ್ನೋ ಇನ್ನೊಂದು ಗಿಡುಗದಲ್ಲೂ ಹಳದಿ ಕೆಂಪು ಎರಡೂ ಇರತ್ತೆ.

ಈ ಬೆಸ್ರಾ ವಿಷ್ಯದಲ್ಲೇ ಜಾಸ್ತಿ ಜಗಳ. ಗಂಟಲಿನ ಮಧ್ಯ ಮೇಲಿಂದ ಕೆಳಗೆ ಒಂದು ಗೆರೆ ಇಳಿಯತ್ತೆ ನೋಡಿ, ಬಲಿತ ಶಿಕ್ರಾದಲ್ಲಿ ಅದು ಪೆನ್ಸಿಲಲ್ಲಿ ಎಳೆದಂಗೆ ಮಸುಕು, ದೂರದಿಂದ ಕಾಣೋದೇ ಇಲ್ಲ. ಬೆಸ್ರಾದಲ್ಲಿ ದಪ್ಪ, ಕಪ್ಪು, ಬರಿಗಣ್ಣಿಗೇ ಹೊಡೆದು ಕಾಣತ್ತೆ, ಎದೆ ನಡುವೆ ಉದ್ದ ಗೀರು, ಹೊಟ್ಟೆ ಮೇಲೆ ಅಗಲ ಪಟ್ಟೆ. ಗೆರೆ ಕಂಡ ತಕ್ಷಣ ಬೆಸ್ರಾ ಅನ್ಬೇಡಿ ಮತ್ತೆ, ಮರಿ ಶಿಕ್ರಾಗೂ ಗಂಟಲ ಗೆರೆ ಚೆನ್ನಾಗೇ ಕಾಣತ್ತೆ, ಎದೆ ಮೇಲೆ ಕಂದು ಹನಿಗಳು ಬೇರೆ. ಅಲ್ಲಿ ಬಾಲಾನೇ ತೀರ್ಪು ಹೇಳ್ಬೇಕು: ಬೆಸ್ರಾ ಬಾಲದಲ್ಲಿ ಕಪ್ಪು ಪಟ್ಟೆ ಅಗಲ, ನಡುವಿನ ಬೂದು ಜಾಗದಷ್ಟೇ ಅಗಲ. ಮರಿ ಶಿಕ್ರಾದಲ್ಲಿ ಪಟ್ಟೆ ಸಣ್ಣ, ಮಧ್ಯದ ಜಾಗ ಜಾಸ್ತಿ. ಬಲಿತ ಗಂಡು ಶಿಕ್ರಾ ಬಾಲ ಮಡಚಿ ಕೂತಾಗ ಮೇಲಿನ ನಡುಗರಿಗಳಲ್ಲಿ ಪಟ್ಟೇನೇ ಕಾಣಲ್ಲ ಅನ್ನಬಹುದು. ಜೊತೆಗೆ ಜಾಗಾನೂ ಯೋಚ್ನೆ ಮಾಡಿ, ಬೆಸ್ರಾ ಕಾಡಿನ ಹಕ್ಕಿ, ಕೊಡಗು, ಬಿಳಿಗಿರಿರಂಗನ ಬೆಟ್ಟದ ಕಡೆ ಅದರ ಮನೆ, ಊರ ಮಧ್ಯೆ ಬೆಸ್ರಾ ಅನ್ನೋರು ಗಂಟಲು ಬಾಲ ಎರಡರ ಫೋಟೋನೂ ತೋರಿಸ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಚಳಿಗಾಲದಲ್ಲಿ ಅಪರೂಪಕ್ಕೆ ಯುರೇಷಿಯನ್ ಸ್ಪ್ಯಾರೋಹಾಕ್ ಅನ್ನೋ ಇನ್ನೊಂದು ಗಿಡುಗ ವಲಸೆ ಬರತ್ತೆ. ಗಂಟಲಲ್ಲಿ ಗೆರೆ ಇರಲ್ಲ, ಕಣ್ಣ ಮೇಲೆ ಬಿಳಿ ಹುಬ್ಬು ಇರತ್ತೆ, ಹೆಣ್ಣಲ್ಲಿ ಇನ್ನೂ ಸ್ಪಷ್ಟ, ಕಾಲು ಕಡ್ಡಿ ಥರ ತೆಳ್ಳಗೆ ಉದ್ದ.

ಮಂಡ್ಯ ಕಡೆ ಮನೆ ಹಿಂದೆ ಗದ್ದೆ ಇರೋರಿಗೆ ಇನ್ನೊಂದು ಕಾಣತ್ತೆ, ಬಿಳಿ ಮೈ, ಬೂದು ಬೆನ್ನು, ಭುಜದ ಮೇಲೆ ಕಪ್ಪು ಮಚ್ಚೆ, ಗದ್ದೆ ಮೇಲೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡೀತಾ ನಿಲ್ಲತ್ತೆ. ಅದು ಬ್ಲ್ಯಾಕ್ ವಿಂಗ್ಡ್ ಕೈಟ್, ಇಲಿ ಹಿಡಿಯೋದು, ರೈತರಿಗೆ ಬಹಳ ಒಳ್ಳೇದು. ಶಿಕ್ರಾ ಹಂಗೆ ನಿಲ್ಲಲ್ಲ, ಎಲೆ ಮರೆಯಲ್ಲಿ ಕಾದು ಓತಿಕ್ಯಾತದ ಮೇಲೆ ಒಂದೇ ಸಲಕ್ಕೆ ಎರಗತ್ತೆ.

ಕೂಗು ಕೇಳಿ ಹೇಳೋರಿಗೊಂದು ಮಾತು. ಶಿಕ್ರಾ ಟೀ-ಟೂ ಅಂತ ಎರಡು ಸ್ವರದಲ್ಲಿ ಕೂಗತ್ತೆ, ಮೊದಲನೇದು ಎತ್ತರ. ಕಾಜಾಣ ಅದನ್ನ ಹಂಗೇ ನಕಲು ಮಾಡಿ ಮೈನಾಗಳನ್ನ ಹೆದರಿಸಿ ಓಡಿಸತ್ತೆ, ಹಾಗಾಗಿ ಹಕ್ಕಿ ಕಣ್ಣಿಗೆ ಬೀಳೋವರೆಗೂ ನೋಟ್‌ಬುಕ್ಕಲ್ಲಿ ಬರ್ಕೋಬೇಡಿ.

ಫೋಟೋ ತೆಗಿಯೋವಾಗ ಮುಖಕ್ಕೆ ಒಂದು, ಎದೆ ಗಂಟಲಿಗೆ ಒಂದು, ಬಾಲಕ್ಕೆ ಒಂದು, ಮೊಬೈಲ್ ಆದ್ರೂ ಪರ್ವಾಗಿಲ್ಲ. ಹಾರ್ತಿದ್ರೆ ರೆಕ್ಕೆ ಅಡಿ ಸಿಕ್ಕಿದ್ರೆ ತುಂಬಾ ಒಳ್ಳೇದು, ಗಂಡು ಶಿಕ್ರಾದ್ದು ಬಿಳಿ, ತುದಿ ಮಾತ್ರ ಕಪ್ಪು, ಬೆಸ್ರಾದ್ದು ಪೂರ್ತಿ ಪಟ್ಟೆ. ಇಷ್ಟಾದ್ರೂ ಗೊತ್ತಾಗ್ಲಿಲ್ವಾ, ನೋಡಿದ ಹಕ್ಕಿ ದಾಖಲಿಸೋ ಇಬರ್ಡ್ (eBird) ಆಪಲ್ಲಿ ಜಾತಿ ಗೊತ್ತಾಗದ ಗಿಡುಗ ಅಂತ ಹಾಕೋಕೆ ಆಯ್ಕೆ ಇದೆ, ಅದನ್ನೇ ಹಾಕಿ, ತಪ್ಪು ಹೆಸರು ಹಾಕಿದ್ರೆ ಆಮೇಲೆ ಆ ದಾಖಲೆ ನಂಬಿ ಓದೋರಿಗೆ ಕಷ್ಟ.