ಸೈಕಲ್ಲಿನಲ್ಲಿ ಇಕ್ಕೇರಿಗೆ, ಡಬ್ಬಿ ಹುಡುಕುತ್ತಾ

ದಸರಾ ರಜೆಗೆ ಬೆಂಗಳೂರಿನಿಂದ ಅಕ್ಕನ ಮಕ್ಕಳು ಬಂದರೆ ಮೊದಲ ಎರಡು ದಿನ ತೊಂದರೆ ಇಲ್ಲ. ಮೂರನೇ ದಿನ "ಚಿಕ್ಕಿ, ಬೋರು" ಶುರುವಾಗುತ್ತದೆ. ಅದಕ್ಕೆ ನಾನು ಕಂಡುಕೊಂಡ ಮದ್ದು: ಐದು ಸೈಕಲ್, ಐದು ಡಬ್ಬಿ, ಒಂದು ಮೊಬೈಲು. ಸಾಗರದ ಗಣಪತಿ ಕೆರೆ ಹತ್ತಿರ ಹೊರಟು ಇಕ್ಕೇರಿಗೆ ಹೋಗಿ ಬರುವುದು. ಮೂರು ವರ್ಷದಿಂದ ಮಾಡುತ್ತಿದ್ದೇವೆ. ಮೂರು ವರ್ಷವೂ ಏನಾದರೊಂದು ಎಡವಟ್ಟಾಗಿದೆ. ನೀವು ಮಾಡುವುದಾದರೆ ಹೊಸ ಎಡವಟ್ಟು ಮಾಡಿಕೊಳ್ಳಿ, ನಮ್ಮದೇ ಬೇಡ.

ಆಟದ ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. 2000ದ ಮೇ ತಿಂಗಳ ಶುರುವಿನಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ಸಿಗೆ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಅದಾಗಿ ಒಂದೆರಡು ದಿನಕ್ಕೆ ಡೇವ್ ಅಲ್ಮರ್ ಅನ್ನುವವರು ಆರೆಗನ್‌ನಲ್ಲಿ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟು ಮೊದಲ ಆಟ ಶುರು ಮಾಡಿದರು. ಅದರೊಳಗೆ ಬೀನ್ಸಿನ ಡಬ್ಬಿಯೂ ಇತ್ತಂತೆ. ಈಗಿನ ನಿಯಮದಲ್ಲಿ ಜಾಗದವರ ಒಪ್ಪಿಗೆ ಇಲ್ಲದೆ ಅಗೆದು ಹೂಳುವುದೂ ತಪ್ಪು, ತಿನ್ನುವ ವಸ್ತು ಇಡುವುದೂ ತಪ್ಪು!

ಈ ಆಟದ ಆ್ಯಪ್‌ನಲ್ಲಿ ನಿಮ್ಮೂರ ಹತ್ತಿರ ಡಬ್ಬಿ ಇದ್ದರೆ ಒಳ್ಳೆಯದೇ. ಆದರೆ ಮಕ್ಕಳು ತುಳಿಯುವ ದಾರಿಯಲ್ಲೇ ಸಾಲಾಗಿ ಐದು ಸಿಗಬೇಕಲ್ಲ? ಹಾಗಾಗಿ ನಾವೇ ಇಡುತ್ತೇವೆ. ಹಿಂದಿನ ದಿನ ಯಜಮಾನರು ಸ್ಕೂಟರಿನಲ್ಲಿ ಹೋಗಿ ಇಟ್ಟು ಬರುತ್ತಾರೆ, ಆಟ ಮುಗಿದ ದಿನವೇ ಎಲ್ಲವನ್ನೂ ವಾಪಸ್ ತರುತ್ತೇವೆ.

ಡಬ್ಬಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒತ್ತಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ ನಮ್ಮ ಮಳೆಗೆ ಆಗುವುದಿಲ್ಲ. ಮೊದಲ ವರ್ಷ ರಾತ್ರಿ ಒಂದು ಮಳೆ ಬಂತು, ಬೆಳಿಗ್ಗೆ ನೋಡಿದರೆ ಒಳಗಿನ ಪುಸ್ತಕ ದೋಸೆ ಹಿಟ್ಟಾಗಿತ್ತು. ಒಳಗೆ ರಬ್ಬರ್ ಇರುವ, ನಾಲ್ಕೂ ಕಡೆ ಲಾಕ್ ಆಗುವ ಡಬ್ಬಿ ತಗೊಳ್ಳಿ. ಪುಸ್ತಕವನ್ನು ಜಿಪ್ ಕವರಿನಲ್ಲಿ ಹಾಕಿ, ಪೆನ್ನಿನ ಬದಲು ಪೆನ್ಸಿಲ್ ಇಡಿ. ಸಿಕ್ಕವರು ಹೆಸರು, ಹೊತ್ತು ಬರೆಯಬೇಕು. ಒಳಗಿನ ಗೋಲಿಯೋ ಸ್ಟಿಕ್ಕರೋ ಒಂದು ತಗೊಂಡರೆ ಅಷ್ಟೇ ಬೆಲೆಯದ್ದು ಇನ್ನೊಂದು ಹಾಕಬೇಕು. ಎರಡನೇ ವರ್ಷ ನಾನು ಬುದ್ಧಿವಂತಿಕೆ ಮಾಡಿ ಕಡಲೆ ಮಿಠಾಯಿ ಇಟ್ಟಿದ್ದೆ. ಡಬ್ಬಿ ಸಿಕ್ಕಿದ್ದು ಮತ್ತಿಮರದ ಮೇಲೆ, ಮಂಗನ ಕೈಯಲ್ಲಿ. ಮಕ್ಕಳಿಗೆ ಇವತ್ತಿಗೂ ಆ ವರ್ಷವೇ ಇಷ್ಟ, ಅದು ಬೇರೆ ಮಾತು.

ಜಾಗ ಗುರುತು ಮಾಡುವಾಗ ಮೊಬೈಲನ್ನು ಅಲ್ಲೇ ಎರಡು ನಿಮಿಷ ಹಿಡಿದು ನಿಂತುಕೊಳ್ಳಿ. ಸಾಗರ ಅಂದರೆ 14 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವ, ಮೇಲೆ ಚಿಲ್ಲರೆ. ಆ ಚಿಲ್ಲರೆಯಲ್ಲೇ ಆಟ ಇರುವುದು. ಬಿಂದುವಿನ ನಂತರ ಐದು ಅಂಕಿ ಬರೆದುಕೊಳ್ಳಿ. ಐದನೇ ಅಂಕಿ ಒಂದು ಹೆಚ್ಚು ಕಡಿಮೆಯಾದರೆ ಸುಮಾರು ಒಂದು ಮೀಟರ್ ಅಷ್ಟೆ, ಮೂರನೆಯದು ತಪ್ಪಿದರೆ ನೂರು ಮೀಟರ್ ಆಚೆ ಯಾರದೋ ತೋಟದಲ್ಲಿ ಇರುತ್ತೀರಿ. ಬಯಲಿನಲ್ಲೂ ಮೊಬೈಲು ಐದು ಮೀಟರ್ ಆಚೀಚೆ ತೋರಿಸುತ್ತದೆ, ಅಡಿಕೆ ತೋಟದೊಳಗೆ ಇನ್ನೂ ಜಾಸ್ತಿ.

ಅದಕ್ಕೇ ಪ್ರತಿ ಡಬ್ಬಿಗೂ ಒಂದು ಒಗಟು ಬೇಕು. ನನ್ನದೊಂದು: "ಹಸುವಿಗೆ ಬೇಡ ಅನ್ನುತ್ತೆ, ಮನುಷ್ಯರಿಗೆ ಬಾ ಅನ್ನುತ್ತೆ, ಕಾಲಿಲ್ಲದೆ ದಾರಿಗೆ ಅಡ್ಡ ನಿಲ್ಲುತ್ತೆ." ಸಾಗರದ ನನ್ನ ಏಳು ವರ್ಷದವಳು ತಕ್ಷಣ "ದಣಪೆ" ಅಂದಳು. ಹದಿಮೂರು ವರ್ಷದ ಬೆಂಗಳೂರಿನವನು ಹತ್ತು ನಿಮಿಷ ಟ್ರಾಫಿಕ್ ಪೊಲೀಸ್ ಬಗ್ಗೆ ಯೋಚಿಸುತ್ತಿದ್ದ. ದಣಪೆ ಅಂದರೆ ನಮ್ಮ ಕಡೆಯ ಬೇಲಿ ಬಾಗಿಲು. ಅದರ ಬಿದಿರು ಗಳ ಸರಿಸಿದರೆ ಕಂಬದ ಹಿಂದೆ ಡಬ್ಬಿ.

ಇಕ್ಕೇರಿ ಅಘೋರೇಶ್ವರ ದೇವಸ್ಥಾನದ ಆವರಣದಲ್ಲಿ ಮಾತ್ರ ಏನೂ ಇಡಬೇಡಿ. ಅದು ಪುರಾತತ್ವ ಇಲಾಖೆಯ ಸ್ಮಾರಕ. ಅಲ್ಲಿ ಡಬ್ಬಿಯ ಬದಲು ಪ್ರಶ್ನೆ: ನಂದಿ ಮಂಟಪಕ್ಕೆ ಎಷ್ಟು ಕಮಾನು? ಉತ್ತರವೇ ಕೊನೆಯ ಡಬ್ಬಿಯ ನಂಬರ್ ಬೀಗದ ಒಂದು ಅಂಕಿ. ಎಣಿಸುವಾಗ ಇಕ್ಕೇರಿ ವರಹದ ಕತೆ ಹೇಳುತ್ತೇನೆ. ಕೆಳದಿ ನಾಯಕರು ರಾಜಧಾನಿಯನ್ನು ಬಿದನೂರಿಗೆ ಒಯ್ದರೂ ಅವರ ಚಿನ್ನದ ನಾಣ್ಯಕ್ಕೆ ಇಕ್ಕೇರಿ ಹೆಸರೇ ಉಳಿಯಿತು.

ಈ ಚಿನ್ನದ ಮಾತಿನಲ್ಲೇ ಒಂದು ಅಪಾಯ ಇದೆ. ನಮ್ಮ ಕಡೆ ಹಳೇ ಗುಡಿಗಳ ಹತ್ತಿರ ನಿಧಿ ಆಸೆಗೆ ರಾತ್ರೋರಾತ್ರಿ ಅಗೆಯುವವರ ಕಾಟ ಹೊಸದಲ್ಲ. ಮೊದಲ ವರ್ಷ ಯಜಮಾನರು ಕತ್ತಲಾಗುವ ಹೊತ್ತಿಗೆ ಮೊಬೈಲ್ ಹಿಡಿದು ಒಂದು ಕಲ್ಲಿನ ಸುತ್ತ ಸುತ್ತುತ್ತಿದ್ದರು. ಪಕ್ಕದ ಮನೆಯ ಅಜ್ಜ ಟಾರ್ಚ್ ಬಿಟ್ಟು, "ಏನು, ನಿಧಿಯಾ?" ಅಂದರು. ತಮಾಷೆಗೆ ಕೇಳಿದ್ದಲ್ಲ. ಆಮೇಲೆ ಇನ್ನಿಬ್ಬರು ಬಂದರು. ಡಬ್ಬಿ ಬಿಚ್ಚಿ ಗೋಲಿ, ಸ್ಟಿಕ್ಕರ್ ತೋರಿಸಿದ ಮೇಲೇ ಬಿಟ್ಟಿದ್ದು. ಈಗ ನಾವು ಹಗಲಲ್ಲೇ ಹೋಗುತ್ತೇವೆ. ಯಾರ ಬೇಲಿಯೋ ಅವರ ಮನೆಗೆ ಮೊದಲು ಹೋಗಿ, ಕವಳ (ಎಲೆ ಅಡಿಕೆ) ಹಾಕಿ, ವಿಷಯ ಹೇಳಿ ಇಡುತ್ತೇವೆ. ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ.

ತರಗೆಲೆ ರಾಶಿಯೊಳಗೆ, ಹುತ್ತದ ಹತ್ತಿರ, ಕಲ್ಲಿನ ಸಂದಿಯಲ್ಲಿ ಇಡಲೇಬೇಡಿ. ಮಕ್ಕಳು ಯೋಚಿಸದೆ ಕೈ ಹಾಕುತ್ತಾರೆ, ಒಳಗೆ ಹಾವಿದ್ದರೆ? ಡಬ್ಬಿ ಯಾವಾಗಲೂ ಎದೆಮಟ್ಟದಲ್ಲಿ, ಕಣ್ಣಿಗೆ ಕಾಣುವ ಹಾಗೆ ಇರಲಿ. ಇನ್ನು ಡಿಸೆಂಬರಿನಿಂದ ಮೇವರೆಗೆ ಕಾಡಂಚಿನಲ್ಲಿ ಈ ಆಟವೇ ಬೇಡ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆ ಹುಳ (ಉಣುಗು) ಕಚ್ಚಿದರೆ ಬರುತ್ತದೆ, ಅವು ಜಾಸ್ತಿ ಇರುವುದು ಆಗಲೇ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಮಳೆಗಾಲದಲ್ಲಿ ಉಂಬಳ (ಜಿಗಣೆ). ಹಾಗಾಗಿ ದಸರಾ ರಜೆಯೇ ಸರಿಯಾದ ಸಮಯ. ಆದರೂ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇರಲಿ.

ಸೈಕಲ್ ವಿಷಯ ನಿಮಗೆ ಗೊತ್ತಿರುವುದೇ. ಹಿಂದಿನ ದಿನ ಗಾಳಿ, ಬ್ರೇಕು, ಚೈನು ನೋಡಿ. ಹೋಗಿ ಬರಲು ಹತ್ತು ಹನ್ನೆರಡು ಕಿಲೋಮೀಟರ್, ಹುಡುಕಾಟ ಸೇರಿ ಮೂರೂವರೆ ಗಂಟೆ. ಒಬ್ಬ ದೊಡ್ಡವರು ಮುಂದೆ, ಒಬ್ಬರು ಹಿಂದೆ, ಮಕ್ಕಳು ನಡುವೆ. ಮೊಬೈಲು ಹಿಂದಿನವರ ಹತ್ತಿರ ಇರಲಿ. ತುಳಿಯುವ ಮಕ್ಕಳ ಕೈಗೆ ಕೊಟ್ಟರೆ ನೇರ ಗದ್ದೆಗೇ. ಒದ್ದೆ ಕೆಮ್ಮಣ್ಣಿನ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಂದನ್ನೇ ಹಿಡಿಯಬಾರದು ಅಂತ ಹೊರಡುವ ಮೊದಲೇ ಹೇಳಿ. ನಾನು ಬಿದ್ದ ಮೇಲೆ ಹೇಳಿದೆ.

ಐದನೇ ಡಬ್ಬಿ, ಬೀಗದ್ದು, ಈಗ ಆ ಟಾರ್ಚ್ ಅಜ್ಜನ ಜಗಲಿಯಲ್ಲಿ ಇರುತ್ತದೆ. ಹೋದ ವರ್ಷ ಮಕ್ಕಳು ಮೊಬೈಲು ಹಿಡಿದು ಜಗಲಿ ಪೂರ್ತಿ ಜಾಲಾಡಿದರೂ ಸಿಗಲಿಲ್ಲ. ಅಜ್ಜ ಸುಮ್ನೆ ಅಡಿಕೆ ಸುಲಿಯುತ್ತಾ ಕೂತಿದ್ದರು. ಅರ್ಧ ಗಂಟೆ ಕಳೆದ ಮೇಲೆ ಅಜ್ಜಿಗೇ ತಡೆಯಲಾಗದೆ, "ಏಳ್ರೀ ಮೇಲೆ" ಅಂದರು. ಡಬ್ಬಿಯ ಮೇಲೆ ಅಡಿಕೆ ಹಾಳೆ ಮುಚ್ಚಿ ಅದರ ಮೇಲೇ ಕೂತಿದ್ದರು ಮಾರಾಯರು. ಬೀಗ ತೆಗೆದು ಪುಸ್ತಕ ನೋಡಿದರೆ ಅದರಲ್ಲಿ ಅವರ ಸಹಿ ಆಗಲೇ ಇತ್ತು, ಮೊದಲನೇ ಸಾಲಿನಲ್ಲಿ. ಬೀಗದ ನಂಬರ್ ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಚಿಕ್ಕವನಿದ್ದಾಗಿಂದ ಎಣಿಸಿದೀನಿ ಆ ಕಮಾನು" ಅಂದರು.