ಚೆಂಡು ಬದಲಿಸುವ ಮುಂಚೆ ಅದರ ಮೈ ನೋಡಿ: ಬೌಲಿಂಗ್ ಲೇನಿನ ಎಣ್ಣೆ, ನನ್ನ ಅನುಭವ

ದಾವಣಗೆರೆಯವರಿಗೆ ಇದನ್ನು ಹೇಳಲು ದೋಸೆ ಹಂಚು ಸಾಕು. ಹಂಚಿಗೆ ಎಣ್ಣೆ ಹೆಚ್ಚಾದರೆ ಹಿಟ್ಟು ಹಿಡಿಯುವುದಿಲ್ಲ, ಸೌಟಿನ ಜೊತೆಗೇ ಜಾರುತ್ತದೆ. ಕಡಿಮೆಯಾದರೆ ಹಾಕಿದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಹತ್ತು ಪಿನ್ನು ಉರುಳಿಸುವ ಬೌಲಿಂಗ್ ಆಟದಲ್ಲಿ, ಲೇನ್ ಎಂಬ ಉದ್ದನೆಯ ಓಣಿಯ ಮೇಲೆ ಚೆಂಡಿನ ಪಾಡೂ ಇದೇ. ಒಂದೇ ತೊಂದರೆ ಎಂದರೆ ಲೇನಿನ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಆಟ ನಡೆಯುತ್ತಿದ್ದ ಹಾಗೆ ಅದು ಜಾಗವನ್ನೂ ಬದಲಿಸುತ್ತದೆ.

ಮೊದಲು ಅಳತೆ. ಎಸೆಯುವವರು ದಾಟಬಾರದ ಗೆರೆ, ಅಂದರೆ ಫೌಲ್ ಲೈನಿನಿಂದ ಮೊದಲ ಪಿನ್ನಿಗೆ 60 ಅಡಿ. ಅಗಲಕ್ಕೆ 39 ಬೋರ್ಡು, ಅಂದರೆ ಉದ್ದುದ್ದ ಪಟ್ಟಿ, ಒಂದೊಂದೂ ಒಂದಿಂಚಿಗಿಂತ ಚೂರು ಹೆಚ್ಚು. ಬಲಗೈಯವರು ಬಲಗಡೆ ಗಟರಿನಿಂದ (ಲೇನಿನ ಅಂಚಿನ ಕಾಲುವೆ) ಎಣಿಸಬೇಕು. ಮುಂದೆ ಕಾಣುವ ಬಾಣಗಳು ಏಳು, ಐದು ಬೋರ್ಡಿಗೊಂದರಂತೆ 5, 10, 15 ಎಂದು 35ರವರೆಗೆ. ಚಿತ್ರದುರ್ಗದ ಕೋಟೆಗೂ ಏಳು ಸುತ್ತು, ಹಾಗಾಗಿ ನಮ್ಮ ಕಡೆಯವರು ಈ ಲೆಕ್ಕ ಮರೆಯುವುದಿಲ್ಲ. ಇಲ್ಲಿ ಬರೆದದ್ದೆಲ್ಲ ಬಲಗೈಯವರಿಗೆ. ಎಡಗೈಯವರು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಳ್ಳಿ.

ಎಣ್ಣೆ ಎಂದರೆ ಚಳ್ಳಕೆರೆಯ ಶೇಂಗಾ ಎಣ್ಣೆಯಲ್ಲ, ಮಿನರಲ್ ಆಯಿಲ್. ಇಡೀ ಲೇನಿಗೆ ಯಂತ್ರ ಹಾಕುವುದು ಸಾಮಾನ್ಯವಾಗಿ 20ರಿಂದ 30 ಮಿಲಿಲೀಟರ್, ಅಂದರೆ ನಾಲ್ಕರಿಂದ ಆರು ಟೀ ಚಮಚ. ಮುಂದಿನ ಮೂರರಲ್ಲಿ ಎರಡು ಪಾಲಿಗೆ ಹೆಚ್ಚುಕಡಿಮೆ ಎಣ್ಣೆ, ಪಿನ್ನಿನ ಕಡೆಯ ಉಳಿದ ಭಾಗ ಒಣ. ಚೆಂಡು ಎಣ್ಣೆಯಲ್ಲಿ ಜಾರುತ್ತದೆ, ಒಣ ಜಾಗ ಸಿಕ್ಕಾಗ ತಿರುಗುತ್ತದೆ, ಆಮೇಲೆ ಉರುಳುತ್ತದೆ. ಜಾರು, ತಿರುವು, ಉರುಳು. ಈ ಮೂರೂ ಮುಗಿದು, ಉರುಳು ಶುರುವಾದ ಮೇಲೆ ಪಿನ್ನು ಮುಟ್ಟಬೇಕು. ಜಾರುತ್ತಲೇ ಮುಟ್ಟಿದರೆ ಹೊಡೆತದಲ್ಲಿ ತೂಕ ಇರುವುದಿಲ್ಲ. ಬಹಳ ಬೇಗ ಉರುಳಿದರೆ ದಾರಿಯಲ್ಲೇ ಕಸುವು ಮುಗಿದಿರುತ್ತದೆ. ಪಾಕೆಟ್ಟಿಗೆ, ಅಂದರೆ ಮೊದಲ ಪಿನ್ನಿಗೂ ಅದರ ಬಲಹಿಂದಿನ 3ನೇ ಪಿನ್ನಿಗೂ ನಡುವಿನ ಸಂದಿಗೆ, ಗುರಿ 17ನೇ ಬೋರ್ಡಿಗೂ 18ಕ್ಕೂ ನಡುವೆ. ಒಳಹೊಗುವ ಕೋನ 4ರಿಂದ 6 ಡಿಗ್ರಿ ಇದ್ದರೆ ಒಳ್ಳೆಯದು. ನೇರ ಎಸೆತದಲ್ಲಿ ಅಷ್ಟು ಕೋನ ಬರುವುದೇ ಇಲ್ಲ. ತಿರುವು ಬೇಕಾಗುವುದು ಇದಕ್ಕೆ, ಚೆಂದಕ್ಕಲ್ಲ.

ಚೆಂಡು ಕೊಳ್ಳುವಾಗ ಎಲ್ಲರೂ ಒಳಗಿನ ತಿರುಳು, ಅಂದರೆ ಕೋರ್ ಬಗ್ಗೆ ಮಾತಾಡುತ್ತಾರೆ. ಪೆಟ್ಟಿಗೆಯ ಮೇಲೆ ಅಂಕಿ ಅಚ್ಚಾಗಿರುತ್ತದೆ, ಅಂಗಡಿಯವನಿಗೆ ಹೇಳಲು ಸುಲಭ. ನನ್ನ ಲೆಕ್ಕದಲ್ಲಿ ಎಣ್ಣೆಗೆ ಉತ್ತರ ಕೊಡುವುದು ಹೊರಮೈ. ಅದು ಯಾವ ವಸ್ತುವಿನದು, ಎಷ್ಟು ಒರಟು ಅನ್ನುವ ಎರಡು ಮಾತು. ಪ್ಲಾಸ್ಟಿಕ್ ಚೆಂಡಿಗೆ ಎಣ್ಣೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ನೇರ ಹೋಗುತ್ತದೆ. ಅದಕ್ಕೇ ಸ್ಪೇರಿಗೆ (ಮೊದಲ ಎಸೆತದಲ್ಲಿ ಉಳಿದ ಪಿನ್ನು ಎರಡನೆಯದರಲ್ಲಿ ಕೆಡಹುವುದು), ಅದರಲ್ಲೂ ಮೂಲೆಯ 10ನೇ ಪಿನ್ನಿಗೆ, ಅದೇ ಬೇಕು. ಯುರೇಥೇನ್ ಬೇಗ, ಆದರೆ ಸಾವಕಾಶವಾಗಿ ತಿರುಗುತ್ತದೆ. ರಿಯಾಕ್ಟಿವ್ ರೆಸಿನ್ 1990ರ ದಶಕದ ಆರಂಭದಲ್ಲಿ ಬಂತು. ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ಎಣ್ಣೆಯನ್ನು ಹೀರುತ್ತದೆ, ಒಣ ಜಾಗ ಸಿಕ್ಕ ಕೂಡಲೇ ಗಟ್ಟಿಯಾಗಿ ಹಿಡಿಯುತ್ತದೆ. ರಿಯಾಕ್ಟಿವ್‌ನಲ್ಲೇ ಸಾಲಿಡ್ ಬೇಗ ಹಿಡಿಯುತ್ತದೆ, ಪರ್ಲ್ ತಡವಾಗಿ ಹಿಡಿದು ಚುರುಕಾಗಿ ತಿರುಗುತ್ತದೆ. ಮೂರೇ ಚೆಂಡು ಇಟ್ಟುಕೊಳ್ಳುವುದಾದರೆ ಒಂದು ಪ್ಲಾಸ್ಟಿಕ್, 2000 ಗ್ರಿಟ್ (ಉಜ್ಜುವ ಪ್ಯಾಡಿನ ಒರಟುತನದ ಅಂಕಿ) ಉಜ್ಜಿದ ಒಂದು ಸಾಲಿಡ್, ಪಾಲಿಶ್ ಇರುವ ಒಂದು ಪರ್ಲ್. ನಾಲ್ಕನೆಯದರ ದುಡ್ಡಿನಲ್ಲಿ ಉಜ್ಜುವ ಪ್ಯಾಡುಗಳನ್ನು ಕೊಳ್ಳಿ.

ಗ್ರಿಟ್ ಅಂಕಿ ಇಳಿದಷ್ಟೂ ಮೈ ಒರಟು, ಒರಟಾದಷ್ಟೂ ಚೆಂಡು ಬೇಗ ಹಿಡಿಯುತ್ತದೆ. 500, 1000 ಎಂದರೆ ತುಂಬು ಎಣ್ಣೆಗೆ. 2000, 3000 ನಡುವಿನದು. 4000ದ ಮೇಲೆ ಅಥವಾ ಪಾಲಿಶ್ ಎಂದರೆ ಒಣ ಲೇನಿಗೆ. ಅದೇ ಚೆಂಡನ್ನು 4000ದಿಂದ 1000ಕ್ಕೆ ಇಳಿಸಿದರೆ ತಿರುವು ಹಲವು ಅಡಿ ಮುಂಚೆಯೇ ಶುರುವಾಗುತ್ತದೆ. ಬೇರೆ ಚೆಂಡನ್ನೇ ಎಸೆದ ಹಾಗೆ ಅನಿಸುತ್ತದೆ.

ನಾನು ಉಜ್ಜುವುದು ಸ್ಪಿನ್ನರ್ ಯಂತ್ರವಿಲ್ಲದೆ, ಕೈಯಲ್ಲೇ. ಮೊದಲು ಚೆಂಡಿನ ಎಣ್ಣೆ ತೆಗೆದಿರಬೇಕು, ಇಲ್ಲದಿದ್ದರೆ ಪ್ಯಾಡಿನ ಕಣ್ಣು ಮುಚ್ಚಿಕೊಂಡು ಉಜ್ಜಿದ್ದೆಲ್ಲ ದಂಡ. ಹಳೆಯ ಟವೆಲನ್ನು ಸಿಂಬೆ ಸುತ್ತಿ ಅದರ ಮೇಲೆ ಚೆಂಡು ಕೂರಿಸಿ. ಚೆಂಡನ್ನು ಆರು ಮುಖ ಎಂದುಕೊಳ್ಳಿ: ಮೇಲೆ, ಕೆಳಗೆ, ಸುತ್ತ ನಾಲ್ಕು. ಪ್ಯಾಡನ್ನು ನೀರಿನಲ್ಲಿ ನೆನೆಸಿ, ಒಂದೊಂದು ಮುಖಕ್ಕೆ ಒಂದು ನಿಮಿಷ, ಅರ್ಧ ನಿಮಿಷ ಒಂದು ದಿಕ್ಕಿಗೆ, ಇನ್ನರ್ಧ ಅದಕ್ಕೆ ಅಡ್ಡಲಾಗಿ. ಹೊಳೆಯುವ ಚೆಂಡನ್ನು 2000ಕ್ಕೆ ತರಬೇಕಾದರೆ ಮೊದಲು ಆರೂ ಮುಖಕ್ಕೆ 500, ಆಮೇಲೆ 1000, ಕೊನೆಗೆ 2000. ನಡುವೆ ಚೆಂಡನ್ನೂ ಪ್ಯಾಡನ್ನೂ ತೊಳೆಯಬೇಕು. ಒಟ್ಟು ಅರ್ಧ ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಮಂಕು ಎಲ್ಲ ಕಡೆ ಒಂದೇ ಸಮ ಇರಬೇಕು. ಎಲ್ಲಾದರೂ ಹೊಳಪಿನ ತೇಪೆ ಕಂಡರೆ ಆ ಮುಖಕ್ಕೆ ಇನ್ನೊಂದು ಸುತ್ತು.

ಇಲ್ಲಿ ಆಗುವ ದೊಡ್ಡ ತಪ್ಪು ನಡುವಿನ ಗ್ರಿಟ್ ಬಿಡುವುದು. 500 ಉಜ್ಜಿ ನೇರ 2000ಕ್ಕೆ ಹೋದರೆ ಆಳದ ಗೀರು ಹಾಗೇ ಉಳಿಯುತ್ತದೆ. ಮುಟ್ಟಿದರೆ ನುಣುಪು, ಎಸೆದರೆ ಒರಟು. ಇನ್ನೊಂದು, ಪ್ಯಾಡಿನ ವಯಸ್ಸು. ಹೊಸ 2000 ಪ್ಯಾಡು ಬರೆದಿರುವುದಕ್ಕಿಂತ ಹೆಚ್ಚು ಒರಟು, ಸವೆದದ್ದು ಬರೀ ಬಟ್ಟೆ. ಪ್ಯಾಡಿನ ಹಿಂದೆ ಪೆನ್ನಿನಲ್ಲಿ ಎಷ್ಟು ಸಲ ಬಳಸಿದ್ದೆಂದು ಗೆರೆ ಹಾಕುತ್ತಾ ಹೋಗಿ. ಪಾಲಿಶ್ ಮಾತ್ರ ಕೈಯಲ್ಲಿ ಸಮವಾಗಿ ಬರುವುದಿಲ್ಲ, ಅದನ್ನು ಯಂತ್ರವಿರುವ ಪ್ರೋ ಶಾಪಿಗೇ (ಬೌಲಿಂಗ್ ಚೆಂಡಿನ ಅಂಗಡಿ) ಕೊಡುವುದು ವಾಸಿ.

ಉಜ್ಜಿದ ಮೈ ಹಾಗೇ ಉಳಿಯುವುದಿಲ್ಲ. ಲೇನಿನ ಮೇಲೆ ಉರುಳಿ ಉರುಳಿ ಆರೆಂಟು ಗೇಮಿನಲ್ಲಿ ಚೆಂಡು ನುಣ್ಣಗಾಗುತ್ತದೆ. “ಚೆಂಡು ಸತ್ತಿತು” ಎಂದು ಮೂಲೆಗಿಟ್ಟ ಅದೆಷ್ಟೋ ಚೆಂಡುಗಳಿಗೆ ಬೇಕಿದ್ದದ್ದು ಮುಖಕ್ಕೆ ಅರ್ಧ ನಿಮಿಷದಂತೆ 2000 ಪ್ಯಾಡು, ಅಷ್ಟೇ. ಇದನ್ನು ಆಟಕ್ಕೆ ಮುಂಚೆಯೇ ಮುಗಿಸಬೇಕು. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ನಿಯಮದ ಸ್ಪರ್ಧೆ ಶುರುವಾದ ಮೇಲೆ ಮೈ ಉಜ್ಜುವಂತಿಲ್ಲ. 2019ರಿಂದ ನಡುವೆ ಒರೆಸಲೂ ಒಣ ಟವೆಲ್ಲೇ ಆಗಬೇಕು.

ಇನ್ನು ಎಣ್ಣೆ ಓದುವುದು. ಮಾಲ್‌ಗಳಲ್ಲಿ, ಸಾಮಾನ್ಯ ಸೆಂಟರುಗಳಲ್ಲಿ ಎಣ್ಣೆ ಹಾಕುವ ಮಾಮೂಲಿ ವಿನ್ಯಾಸ, ಅಂದರೆ ಹೌಸ್ ಪ್ಯಾಟರ್ನ್, ಸುಮಾರು 40 ಅಡಿ. ನಡುವೆ ದಟ್ಟ, ಅಂಚಿಗೆ ತೆಳು, ಅನುಪಾತ 10ಕ್ಕೆ 1ರಷ್ಟು ಅಥವಾ ಅದಕ್ಕೂ ಮೇಲೆ. ಬಲಕ್ಕೆ ತಪ್ಪಿದರೆ ಒಣ ಜಾಗ ಚೆಂಡನ್ನು ಒಳಗೆ ಎಳೆದು ತರುತ್ತದೆ, ಎಡಕ್ಕೆ ತಪ್ಪಿದರೆ ದಟ್ಟ ಎಣ್ಣೆ ತಡೆದು ನಿಲ್ಲಿಸುತ್ತದೆ. ಲೇನೇ ತಪ್ಪು ತಿದ್ದುತ್ತದೆ ಎಂದ ಹಾಗಾಯಿತು. ಕಠಿಣ ಸ್ಪರ್ಧೆಗೆ ಹಾಕುವ ಸ್ಪೋರ್ಟ್ ಪ್ಯಾಟರ್ನಿನಲ್ಲಿ ಅನುಪಾತ ಇದಕ್ಕಿಂತ ಬಹಳ ಕಡಿಮೆ, ಅಲ್ಲಿ ತಿದ್ದುವವರು ಯಾರೂ ಇಲ್ಲ. ಹೌಸ್ ಲೇನಿನಲ್ಲಿ 190 ಸರಾಸರಿ ಇರುವವರು ಅಲ್ಲಿ 160ಕ್ಕೆ ಇಳಿದರೆ ಅದು ಅವಮಾನವಲ್ಲ, ಗಣಿತ.

ಪ್ಯಾಟರ್ನಿನ ಉದ್ದ ಗೊತ್ತಿದ್ದರೆ ಅದರಿಂದ 31 ಕಳೆಯಿರಿ. ಉಳಿದದ್ದು ಚೆಂಡು ಎಣ್ಣೆಯಿಂದ ಹೊರಬರಬೇಕಾದ ಬೋರ್ಡು. 40 ಅಡಿಗೆ 9ನೇ ಬೋರ್ಡು. 35 ಅಡಿಗೆ 4, ಅಂದರೆ ಗಟರಿನ ಪಕ್ಕ. 45ಕ್ಕೆ 14. ಇದು ಆರಂಭದ ಅಂದಾಜು, ವೇದವಾಕ್ಯವಲ್ಲ. ಗಿಡ್ಡ ಎಣ್ಣೆಯಲ್ಲಿ ಪಿನ್ನಿಗೆ ಇನ್ನೂ 25 ಅಡಿ ಒಣ ಜಾಗ ಉಳಿದಿರುತ್ತದೆ. ಉಜ್ಜಿದ ಸಾಲಿಡ್ ಅಲ್ಲಿ ಹುಚ್ಚೆದ್ದು ಎಡಕ್ಕೆ ಓಡುತ್ತದೆ. ಯುರೇಥೇನ್ ಅಥವಾ ಪಾಲಿಶ್ ಚೆಂಡನ್ನು ಅಂಚಿನಲ್ಲೇ ನೇರವಾಗಿ ಕಳಿಸಬೇಕು. ವೃತ್ತಿಪರ ಬೌಲರುಗಳ ಸಂಘ ಪಿಬಿಎ ತನ್ನ ಪ್ಯಾಟರ್ನುಗಳಿಗೆ ಇಟ್ಟ ಹೆಸರುಗಳಲ್ಲಿ ಚೀತಾ, ವುಲ್ಫ್ ಈ ಜಾತಿಯವು. ಶಾರ್ಕ್ ಉದ್ದದ್ದು: ತಿರುಗಲು ಜಾಗವೇ ಕಡಿಮೆ, ಆದ್ದರಿಂದ ಒರಟು ಮೈಯ ಸಾಲಿಡ್, ಒಳಗಿನ ದಾರಿ, ಬೇಕಾದರೆ ವೇಗ ಒಂದೆರಡು ಕಿಲೋಮೀಟರ್ ಕಡಿಮೆ.

ಹೌಸ್ ಲೇನಿನಲ್ಲಿ ನನ್ನ ಆರಂಭ ಹೀಗೆ. ಎಡಗಾಲು ಜಾರಿ ನಿಲ್ಲುವುದು 20ನೇ ಬೋರ್ಡಿನಲ್ಲಿ, ಚೆಂಡು ಕೆಳಗೆ ಕೂರುವುದು 14ರ ಹತ್ತಿರ, ಬಾಣಗಳ ಹತ್ತಿರ 11ರ ಮೇಲೆ ಹಾದು 40 ಅಡಿಯಲ್ಲಿ 9. ವೇಗ ಪರದೆಯ ಮೇಲೆ ಗಂಟೆಗೆ 26ರಿಂದ 28 ಕಿಲೋಮೀಟರ್. ಅಭ್ಯಾಸದ ಎಸೆತಗಳಲ್ಲಿ ಪಿನ್ನು ಎಷ್ಟು ಬಿತ್ತೆಂದು ನೋಡುವುದಿಲ್ಲ, ಕೊನೆಯ 20 ಅಡಿ ಮಾತ್ರ ನೋಡುತ್ತೇನೆ. ಚೆಂಡು ಎಲ್ಲಿ ತಿರುಗಿತು, ತಿರುಗಿದ ಮೇಲೆ ನೆಟ್ಟಗೆ ಉರುಳಿತೋ ಇನ್ನೂ ಜಾರುತ್ತಿತ್ತೋ. ಚೆಂಡು ವಾಪಸ್ ಬಂದಾಗ ಒರೆಸುವ ಮುಂಚೆ ಅದರ ಮೇಲಿನ ಎಣ್ಣೆ ಉಂಗುರಗಳನ್ನೂ ನೋಡಿ. ಉಂಗುರ ದಪ್ಪ, ಒದ್ದೆಯಾಗಿದ್ದರೆ ಎಣ್ಣೆ ತುಂಬಾ ಇದೆ. ತೆಳ್ಳಗೆ, ತುಂಡುತುಂಡಾಗಿದ್ದರೆ ಆ ದಾರಿ ಒಣಗುತ್ತಿದೆ. ಆಮೇಲೆ ಪ್ರತಿ ಎಸೆತಕ್ಕೂ ಒರೆಸಲೇಬೇಕು.

ಚೆಂಡು ಎಡಕ್ಕೆ ಹೆಚ್ಚು ಬಂದರೆ ಕಾಲು ಎಡಕ್ಕೆ ಎರಡು ಬೋರ್ಡು, ಗುರಿ ಎಡಕ್ಕೆ ಒಂದು. ಬಲದಲ್ಲೇ ಉಳಿದರೆ ಬಲಕ್ಕೆ ಅದೇ ಲೆಕ್ಕ. ತಪ್ಪಿದ ಕಡೆಗೇ ಸರಿಯಬೇಕು. ಆದರೆ ಎಸೆತ ಚೆನ್ನಾಗಿದ್ದಾಗ ಮಾತ್ರ. ಕೈ ತಪ್ಪಿದ್ದಕ್ಕೆಲ್ಲ ಕಾಲು ಸರಿಸುತ್ತಾ ಹೋದರೆ ಮೂರು ಫ್ರೇಮಿನಲ್ಲಿ (ಸರದಿ) ಎಲ್ಲಿ ನಿಂತಿದ್ದೇವೆಂದೇ ತಿಳಿಯುವುದಿಲ್ಲ.

ಹೆಚ್ಚು ಜನ ಮೋಸ ಹೋಗುವ ಜಾಗ 10ನೇ ಪಿನ್ನು. ಪಾಕೆಟ್ಟಿಗೇ ಬಡಿದಿದೆ, ಒಂಬತ್ತು ಬಿದ್ದಿವೆ, ಮೂಲೆಯದೊಂದು ನಿಂತಿದೆ. ಆಗ ಅದರ ಮುಂದೆ ಎಡಕ್ಕಿದ್ದ 6ನೇ ಪಿನ್ನು ಏನು ಮಾಡಿತು ನೋಡಿ. ಅದು ಹಾರಿ 10ರ ಕುತ್ತಿಗೆ ಸುತ್ತಿ ಹೋಗಿದ್ದರೆ ಹೊಡೆತದಲ್ಲಿ ಕಸುವಿತ್ತು, ಕೂದಲೆಳೆಯ ವ್ಯತ್ಯಾಸ, ಹೆಚ್ಚು ಕೆದಕಬೇಡಿ. 6 ಸತ್ತ ಹಾಗೆ ಗಟರಿನಲ್ಲಿ ಬಿದ್ದುಕೊಂಡಿದ್ದರೆ ಚೆಂಡಿನಲ್ಲಿ ಕಸುವಿಲ್ಲ. ಅದಕ್ಕೆ ಕಾರಣ ಎರಡು, ಮತ್ತು ಅವು ಒಂದಕ್ಕೊಂದು ಪೂರ್ತಿ ಉಲ್ಟಾ. ಒಂದು, ಎಣ್ಣೆ ಹೆಚ್ಚಾಗಿ ಚೆಂಡು ಇನ್ನೂ ಜಾರುತ್ತಲೇ ಬಡಿದಿದೆ. ಎರಡು, ಮುಂದಿನ ಭಾಗ ಒಣಗಿ ಬೇಗನೆ ಹಿಡಿದು ಪಿನ್ನು ಮುಟ್ಟುವಷ್ಟರಲ್ಲಿ ಬಸವಳಿದಿದೆ. ಎರಡನೆಯದಕ್ಕೂ “ತಿರುವು ಸಾಲದು” ಎಂದುಕೊಂಡು ಬಲಕ್ಕೆ ಸರಿದು, ಇನ್ನೂ ಒರಟು ಚೆಂಡು ಎತ್ತಿಕೊಳ್ಳುವವರೇ ಹೆಚ್ಚು. ಅದು ಉರಿಯುವುದಕ್ಕೆ ಎಣ್ಣೆ ಸುರಿದ ಹಾಗೆ, ಇಲ್ಲಿ ಮಾತ್ರ ಎಣ್ಣೆ ಇಲ್ಲದ ಕಡೆ ಇನ್ನಷ್ಟು ಉಜ್ಜಿದ ಹಾಗೆ.

ಗುರುತಿಸಲು ಹೊತ್ತು ನೋಡಿ. ಹೊಸ ಎಣ್ಣೆಯ ಮೊದಲ ಐದಾರು ಫ್ರೇಮುಗಳಲ್ಲಿ ಬಂದರೆ ಸಾಮಾನ್ಯವಾಗಿ ಮೊದಲ ಕಾರಣ: ಬಲಕ್ಕೆ ಸರಿಯಿರಿ, ಇಲ್ಲವೇ ಉಜ್ಜಿದ ಚೆಂಡು ತೆಗೆಯಿರಿ. ಲೇನಿನಲ್ಲಿ ನಾಲ್ಕೈದು ಜನ ಒಂದೆರಡು ಗೇಮು ಆಡಿ, ಎಲ್ಲರೂ 10ನೇ ಬೋರ್ಡನ್ನೇ ತುಳಿದ ಮೇಲೆ ಬಂದರೆ ಎರಡನೆಯದು. ರಿಯಾಕ್ಟಿವ್ ಚೆಂಡುಗಳು ಆ ದಾರಿಯ ಎಣ್ಣೆಯನ್ನು ಹೀರಿಕೊಂಡು ಹೋಗಿರುತ್ತವೆ. ಎಡಕ್ಕೆ ಸರಿದು ಎಣ್ಣೆ ಉಳಿದಿರುವ ಕಡೆ ಹೋಗಿ, ಅಥವಾ ಪಾಲಿಶ್ ಪರ್ಲ್ ತೆಗೆಯಿರಿ. ಪಕ್ಕದವರು ಪ್ಲಾಸ್ಟಿಕ್ ಅಥವಾ ಯುರೇಥೇನ್ ಎಸೆಯುತ್ತಿದ್ದರೆ ಅವು ಎಣ್ಣೆಯನ್ನು ಹೀರದೆ ಒಣ ಭಾಗಕ್ಕೆ ಎಳೆದೊಯ್ಯುತ್ತವೆ, ಆಗ ನಿಮ್ಮ ಚೆಂಡು ತಡವಾಗಿ ತಿರುಗುತ್ತದೆ. ಸ್ಪರ್ಧೆಯಲ್ಲಿ ಪಕ್ಕದವರ ಸ್ಕೋರಿಗಿಂತ ಅವರ ಚೆಂಡಿನ ಮೇಲೆ ಕಣ್ಣಿರಬೇಕು.

ಹೀರಿದ ಎಣ್ಣೆಯನ್ನು ತೆಗೆಯುವುದು ಮನೆಗೆಲಸ. ಬೆಂಗಳೂರಿನಲ್ಲಿ ಆಡಿ ದಾವಣಗೆರೆಗೆ ವಾಪಸಾಗುವವರಿಗೆ 260 ಕಿಲೋಮೀಟರ್ ದಾರಿ, ಮನೆ ಮುಟ್ಟುವಷ್ಟರಲ್ಲಿ ಎಣ್ಣೆ ಒಳಗಿಳಿದಿರುತ್ತದೆ. ಆಟ ಮುಗಿದ ಕೂಡಲೇ, ಚೆಂಡು ಇನ್ನೂ ಬೆಚ್ಚಗಿರುವಾಗ, ಮೈಕ್ರೋಫೈಬರ್ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಪೂರ್ತಿ ಒರೆಸಿ ಬ್ಯಾಗಿಗೆ ಹಾಕಿ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ಅಸಿಟೋನ್ ಹತ್ತಿರವೂ ತರಬೇಡಿ, ಹೊರಮೈ ಮೆತ್ತಗಾಗಿ ಹಾಳಾಗುತ್ತದೆ.

50-60 ಗೇಮಿಗೊಮ್ಮೆ ರಿಯಾಕ್ಟಿವ್ ಚೆಂಡಿಗೆ ಬಿಸಿನೀರಿನ ಸ್ನಾನ. ಬೆರಳು ತೂರಿಸುವ ತೂತುಗಳನ್ನು ನೀರು ಹೋಗದ ಟೇಪಿನಿಂದ ಮುಚ್ಚಿ. ನೀರು 55 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅದಕ್ಕಿಂತ ಮೇಲೆ ಬೇಡ. ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೂರು ಚೊಂಬು ಕುದಿಯುವ ನೀರಿಗೆ ಐದು ಚೊಂಬು ನಲ್ಲಿ ನೀರು. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರೇ ಬಿಸಿ ಇರುವುದರಿಂದ ಆರು ಚೊಂಬು. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಬಕೆಟ್ಟಿನ ತಳಕ್ಕೆ ಟವೆಲ್ ಹಾಕಲು ಮರೆಯಬೇಡಿ: 15 ಪೌಂಡಿನ ಚೆಂಡು ಮುಳುಗಿ ತಳಕ್ಕೆ ಬಡಿಯುತ್ತದೆ. 12 ಪೌಂಡಿಗಿಂತ ಹಗುರದ್ದು ತೇಲುತ್ತದೆ, ಅದನ್ನು ಆಗಾಗ ಹೊರಳಿಸಬೇಕು. ಇಪ್ಪತ್ತು ನಿಮಿಷದಲ್ಲಿ ಮೈಮೇಲೆ ಎಣ್ಣೆಯ ಹನಿ ಬೆವರಿನಂತೆ ಮೂಡುತ್ತದೆ. ಒರೆಸಿ, ನೀರು ಬದಲಿಸಿ ಇನ್ನೊಮ್ಮೆ. ಹನಿ ಬರುವುದು ನಿಂತ ಮೇಲೆ ಟೇಪು ತೆಗೆದು ನೆರಳಿನಲ್ಲಿ ಒಂದು ದಿನ ಆರಲು ಬಿಡಿ. ಬೋರ್‌ವೆಲ್ ಗಡಸು ನೀರಾದರೆ ಬಿಳಿ ಕಲೆ ಉಳಿಯುತ್ತದೆ, ಹಾಗಾಗಿ ತಾನಾಗಿ ಆರುವ ಮುಂಚೆಯೇ ಬಟ್ಟೆಯಲ್ಲಿ ಒರೆಸಬೇಕು. ಸ್ನಾನದ ನಂತರ ಮೈ ಮತ್ತೆ ಉಜ್ಜಲೇಬೇಕು.

ಬಿಸಿಲಿನಲ್ಲಿಟ್ಟು ಎಣ್ಣೆ ಇಳಿಸುತ್ತೇನೆ ಎನ್ನುವವರಿದ್ದಾರೆ. ನಮ್ಮ ಕಡೆಯ ಬೇಸಿಗೆಯಲ್ಲಿ ಅದು ಬೇಡವೇ ಬೇಡ. ಹೊರಮೈ, ಒಳಗಿನ ಕೋರ್ ಬೇರೆ ಬೇರೆ ವಸ್ತು, ಬಿಸಿಗೆ ಹಿಗ್ಗುವುದು ಬೇರೆ ಬೇರೆ ಅಳತೆಯಲ್ಲಿ. ಬಿರುಕು ಬಿಡುವುದು ಆಗಲೇ, ಹೆಚ್ಚಾಗಿ ಬೆರಳು ತೂತುಗಳ ನಡುವೆ. ಹೈವೇಯಲ್ಲಿ ಊಟಕ್ಕೆ ನಿಲ್ಲಿಸಿದ ಕಾರಿನ ಡಿಕ್ಕಿಯೂ ಒಲೆಯೇ. ಬ್ಯಾಗು ಹೆಗಲಿಗೆ ಹಾಕಿಕೊಂಡೇ ಒಳಗೆ ಹೋಗಿ, ಮನೆಯಲ್ಲಾದರೆ ಮಂಚದ ಕೆಳಗೆ, ಗೋಡೆಗೆ ತಾಗದಂತೆ ಇಡಿ.